ಉಳಿದ ಕಾಲು ಲೀಟರ್ ಹಾಲು

ಸಿಆರ್‌ಪಿ ಸರ್ (ಸುತ್ತಲಿನ ಶಾಲೆಗಳಿಗೆ ಬಂದು ಪಾಠ ನೋಡುವ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಬರುವ ದಿನವೇ ಭಿನ್ನರಾಶಿಯ ಭಾಗಾಕಾರ ಇಟ್ಟುಕೊಂಡದ್ದು ನನ್ನದೇ ಜಂಬ. ಕೋನ ಅಳೆಯೋದು ಮಾಡಿಸಿದ್ದರೆ ಯಾವ ತಂಟೆಯೂ ಇರಲಿಲ್ಲ. ಆದರೆ ಹಿಂದಿನ ವಾರ ಗುಣಾಕಾರ ತುಂಬಾ ಚೆನ್ನಾಗಿ ಹೋಗಿತ್ತು. ಏಳನೇ ಕ್ಲಾಸಿನ ಮಕ್ಕಳು ಇನ್ನು ಏನು ಕೇಳಿದರೂ ಹೇಳುತ್ತಾರೆ ಅಂದುಕೊಂಡಿದ್ದೆ.

ಗುಣಾಕಾರದಲ್ಲಿ ಅರ್ಧ ಪಾಠವನ್ನು ಕನ್ನಡವೇ ಮಾಡಿಬಿಡುತ್ತದೆ. ಮುಕ್ಕಾಲಿನ ಅರ್ಧ, ಅರ್ಧದ ಕಾಲು. ಹಾಗೆ ಹೇಳಲು ಬಂದರೆ ಗುಣಿಸಿ ಅಂದರಾಯಿತು. ಹಳೇ ನೋಟ್‌ಬುಕ್ಕಿನ ಹಾಳೆಯನ್ನು ಅಡ್ಡಕ್ಕೆ ಎರಡು ಭಾಗ, ಉದ್ದಕ್ಕೆ ನಾಲ್ಕು ಭಾಗ ಬರುವಂತೆ ಮಡಿಸಿದರು. ಬಿಡಿಸಿ ಎಣಿಸಿದರೆ ಎಂಟು ಮನೆ. ಅರ್ಧದ ಕಾಲು ಅಂದರೆ ಎಂಟರಲ್ಲಿ ಒಂದು. ನಮ್ಮಜ್ಜಿ ಅದಕ್ಕೆ ಅರೆಕಾಲು ಅನ್ನುತ್ತಿದ್ದರು. "ಗುಣಿಸಿದ್ರೆ ಜಾಸ್ತಿ ಆಗ್ಬೇಕಲ್ವಾ ಮಿಸ್?" ಅಂತ ಒಬ್ಬ ಕೇಳಿದ. ಹಾಳೆ ತೋರಿಸಿದೆ, ಸುಮ್ಮನಾದ.

ಭಾಗಾಕಾರಕ್ಕೂ ಹೀಗೇ ಏನಾದರೂ ಕೈಗೆ ಕೊಡಬೇಕಿತ್ತು. ಗಣಿತ ಕಿಟ್ ಇದೆ, ಎಚ್‌ಎಂ ಕೋಣೆಯ ಬೀರುವಿನಲ್ಲಿ. ಒಂದು ಪಟ್ಟಿ ಕಳೆದರೂ ಸ್ಟಾಕ್ ರಿಜಿಸ್ಟರ್ ಹಿಡಿದು ಉತ್ತರ ಕೊಡಬೇಕು, ಹಾಗಾಗಿ ಯಾರೂ ಮುಟ್ಟುವುದಿಲ್ಲ. ಬಂದ ದಿನ ಹೇಗಿತ್ತೋ ಹಾಗೇ ಇದೆ. ಅವತ್ತು ಬೆಳಗ್ಗೆ ನನಗೆ ಮಕ್ಕಳ ವಿವರ ಕಂಪ್ಯೂಟರಿಗೆ ತುಂಬುವ ಸ್ಯಾಟ್ಸ್ ಎಂಟ್ರಿ ಬೇರೆ ಬಾಕಿ ಇತ್ತು, ಮೊಟ್ಟೆ ಲೆಕ್ಕ ಬೇರೆ. "ಎರಡನೇದನ್ನ ತಿರುಗಿಸು, ಗುಣಿಸು" ಅಂತ ಹೇಳಿಕೊಟ್ಟೆ. ಇಪ್ಪತ್ತು ನಿಮಿಷದಲ್ಲಿ ಎಲ್ಲರ ಉತ್ತರವೂ ಸರಿ.

ಹಿಂದಿನ ಬೆಂಚಿನಲ್ಲಿ ನಮೂನೆ ತುಂಬುತ್ತಿದ್ದ ಸರ್ ತಲೆಯೆತ್ತಿದರು. "ದಿನಬಳಕೆಯ ಲೆಕ್ಕ ಒಂದು ಕೊಡಿ ಮೇಡಂ."

ಕೊಟ್ಟೆ. ಒಂದೂಮುಕ್ಕಾಲು ಲೀಟರ್ ಹಾಲಿದೆ, ಅರ್ಧ ಲೀಟರ್ ಪ್ಯಾಕೆಟ್‌ಗೆ ತುಂಬಿದರೆ ಎಷ್ಟು ಪ್ಯಾಕೆಟ್? ಮೂರನೇ ಸಾಲಿನ ಹುಡುಗಿಯನ್ನು ಬೋರ್ಡಿಗೆ ಕರೆದೆ. ಅವರಪ್ಪ ಮಾಗಡಿ ರಸ್ತೆ ಕಡೆ ಮನೆಮನೆಗೆ ನಂದಿನಿ ಹಾಲು ಹಾಕುತ್ತಾರೆ. ಅವಳು ತಿರುಗಿಸಲಿಲ್ಲ, ಗುಣಿಸಲಿಲ್ಲ. ಮೂರು ಚೌಕ ಬರೆದು, ಪಕ್ಕದಲ್ಲಿ 3¼ ಅಂತ ಬರೆದಳು.

ನಾನು ಚಿತ್ರ ನೋಡಲೇ ಇಲ್ಲ. ಉತ್ತರ ನೋಡಿ ಅಡ್ಡಗೆರೆ ಎಳೆದು, ಪಕ್ಕದಲ್ಲಿ 3½ ಅಂತ ಬರೆದೆ. "ತಿರುಗಿಸೋದು ಮರೆತ್ಯಾ?"

"ಇಲ್ಲ ಮಿಸ್. ಮೂರು ಪ್ಯಾಕೆಟ್‌ಗೆ ಒಂದೂವರೆ ಲೀಟರ್ ಹೋಯ್ತು. ಉಳಿದಿದ್ದು ಕಾಲು ಲೀಟರ್ ತಾನೇ? ಅರ್ಧ ಎಲ್ಲಿಂದ ಬಂತು?"

ಮನಸ್ಸಿನಲ್ಲೇ ಕಳೆದು ನೋಡಿದೆ. ಒಂದೂಮುಕ್ಕಾಲರಲ್ಲಿ ಒಂದೂವರೆ ಹೋದರೆ ಕಾಲು. ಹೌದು, ಕಾಲೇ! ಹಾಗಾದರೆ ಸೂತ್ರ ತಪ್ಪಾ? ಹನ್ನೊಂದು ವರ್ಷದಿಂದ ಇದೇ ಲೆಕ್ಕ ಮಾಡಿಸುತ್ತಿದ್ದೇನೆ, ಒಂದು ಸಲವೂ ನನಗೆ ಈ ಅನುಮಾನ ಬಂದಿರಲಿಲ್ಲ. ಸೀಮೆಸುಣ್ಣ ತಗೊಂಡು ಬರೆದೆ: 7/4 × 2/1 = 14/4 = 3½. ಅಳಿಸಿ, ಅದನ್ನೇ ಇನ್ನೊಂದು ಸಲ ದೊಡ್ಡದಾಗಿ ಬರೆದೆ. ಅಕ್ಷರ ದೊಡ್ಡದಾದರೆ ಅವಳಿಗೆ ಅರ್ಥವಾಗುತ್ತದೆ ಅನ್ನೋ ಹಾಗೆ! ಮಕ್ಕಳು ನನ್ನನ್ನೊಮ್ಮೆ, ಹಿಂದೆ ಕೂತ ಸರ್ ಅನ್ನೊಮ್ಮೆ ನೋಡಿದರು. ಹೊರಗೆ ಮೆಟ್ರೋ ಹೋದ ಸದ್ದು ಕೇಳಿತು. ಅದು ಪೂರ್ತಿ ಹೋಗುವ ತನಕ ನನ್ನ ಬಾಯಿಂದ ಮಾತು ಬರಲಿಲ್ಲ.

ಆಮೇಲೆ ಬಂದದ್ದು ಇದು: "ಸೂತ್ರದಲ್ಲಿ ಹಾಗೇ ಬರೋದು. ಪರೀಕ್ಷೇಲಿ ಹಾಗೇ ಬರಿ. ಕೂತ್ಕೋ."

ಅವಳು ಹೋಗಿ ಕೂತು ಪುಸ್ತಕ ಮುಚ್ಚಿದಳು.

ಸರ್ ನಮೂನೆಯಲ್ಲಿ ಬರೆದದ್ದು ಒಂದೇ ಸಾಲು: ಬೋಧನೋಪಕರಣ ಬಳಸಿಲ್ಲ. ಬೀರುವಿನ ಕೀ ಸೊಂಟದಲ್ಲಿಟ್ಟುಕೊಂಡಿದ್ದ ಎಚ್‌ಎಂ ಅದಕ್ಕೆ ಸಹಿ ಹಾಕಿದರು. ಸ್ಟಾಫ್ ರೂಮಿನಲ್ಲಿ ಸಮಾಜ ವಿಜ್ಞಾನದ ಮೇಷ್ಟ್ರು ಸಮಾಧಾನಕ್ಕೆ ಬಂದರು. "ಬಿಡಿ ಮೇಡಂ, ತಿರುಗಿಸಿ ಗುಣಿಸು ಅಂತ ಬ್ರಹ್ಮಗುಪ್ತ 628ರಲ್ಲೇ ಬರೆದಿದ್ದಾನೆ. ನಮ್ಮ ಅಮೋಘವರ್ಷನ ಕಾಲದ ಮಹಾವೀರಾಚಾರ್ಯನೂ ಅದನ್ನೇ ಹೇಳಿದ್ದಾನೆ. ನಿಮ್ಮದೇನು ತಪ್ಪು?" ಅವರಿಬ್ಬರ ಮುಂದೆ ಆ ಹುಡುಗಿ ನಿಂತಿರಲಿಲ್ಲವಲ್ಲ.

ಉತ್ತರ ಹೊಳೆದದ್ದು ಸಂಜೆ, ಕಾಫಿಗೆ ಹಾಲು ಕಾಯಿಸುವಾಗ. ಪ್ಯಾಕೆಟ್‌ನಲ್ಲಿ ಅರ್ಧ ಸುರಿದು ಇನ್ನರ್ಧ ಫ್ರಿಜ್ಜಿಗೆ ಇಡುತ್ತಿದ್ದೆ. ಕೈಯಲ್ಲಿದ್ದದ್ದು ಕಾಲು ಲೀಟರ್. ಅರ್ಧ ಪ್ಯಾಕೆಟ್ ಕೂಡ! ಅವಳು ಉಳಿದದ್ದನ್ನು ಲೀಟರಿನಲ್ಲಿ ಹೇಳಿದ್ದಳು, ನಾನು ಕೇಳಿದ್ದು ಪ್ಯಾಕೆಟ್ ಲೆಕ್ಕ. ಇಷ್ಟೇ. ಇಷ್ಟಕ್ಕೆ ಒಂದು ಮಗುವನ್ನು ಕೂರಿಸಿಬಿಟ್ಟಿದ್ದೆ.

ಮರುದಿನ ಕಿಟ್ ಕೇಳಲು ಹೋಗಲಿಲ್ಲ. ಬಿಸಿಯೂಟದ ಅಡುಗೆ ಅಕ್ಕನ ಹತ್ತಿರ ಅರ್ಧ ಲೀಟರಿನ ಅಳತೆ ಲೋಟ ಇಸ್ಕೊಂಡೆ. "ಹನ್ನೊಂದಕ್ಕೆ ವಾಪಸ್ ಕೊಡಿ ಮಿಸ್, ಎಣ್ಣೆಗೆ ಬೇಕು" ಅಂದರು. ಬಕೆಟ್‌ನಲ್ಲಿ ಒಂದೂಮುಕ್ಕಾಲು ಲೀಟರ್ ನೀರು. ನಿನ್ನೆ ನಾನು ಹೇಳಿದ್ದು ಸರಿಯಲ್ಲ ಅಂತ ಕ್ಲಾಸಿಗೆಲ್ಲ ಕೇಳುವ ಹಾಗೆ ಅವಳಿಗೆ ಹೇಳಿದೆ. ನಲವತ್ತೆರಡು ಮಕ್ಕಳ ಮುಂದೆ ಅದನ್ನು ಹೇಳುವಾಗ ಗಂಟಲು ಒಣಗಿತು. ಅವಳೇ ಅಳೆದಳು. ಮೂರು ಲೋಟ ತುಂಬಿತು, ನಾಲ್ಕನೆಯದು ಅರ್ಧಕ್ಕೆ ನಿಂತಿತು.

ಅವಳು ಲೋಟವನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ ಹೇಳಿದಳು: "ಮೂರೂವರೆ ಸರಿ ಮಿಸ್. ಆದ್ರೆ ಅರ್ಧ ಪ್ಯಾಕೆಟ್ ಯಾರೂ ತಗೊಳಲ್ಲ."

ಈಗ ತಿರುಗಿಸೋದನ್ನು ನಾಲ್ಕನೇ ದಿನಕ್ಕೆ ಇಟ್ಟುಕೊಂಡಿದ್ದೇನೆ. ಮೊದಲ ಮೂರು ದಿನ ಬರೀ ಬಾಯಿಲೆಕ್ಕ: 3 ÷ ½ ಅಂದರೆ ಮೂರರಲ್ಲಿ ಎಷ್ಟು ಅರ್ಧ ಇವೆ? "ಅರ್ಧಕ್ಕೆ ಭಾಗ ಮಾಡಿ" ಅನ್ನೋ ಮಾತನ್ನು ಪೂರ್ತಿ ಬಿಟ್ಟಿದ್ದೇನೆ, ಹಾಗಂದ ಕೂಡಲೇ ಮಕ್ಕಳು ಎರಡರಿಂದ ಭಾಗಿಸುತ್ತಾರೆ. ಉತ್ತರದ ಮುಂದೆ ಲೀಟರೋ ಪ್ಯಾಕೆಟ್ಟೋ ಬರೆಯದಿದ್ದರೆ ನೋಟ್‌ಬುಕ್ ವಾಪಸ್.

ಎಫ್‌ಎ ಕಿರುಪರೀಕ್ಷೆಯ ಪೇಪರಿನಲ್ಲಿ ಅದೇ ಲೆಕ್ಕ ಹಾಕಿದೆ. ಅವಳು ಬರೆದದ್ದು: "3 ಪ್ಯಾಕೆಟ್, ಮಿಕ್ಕಿದ್ದು ಕಾಲು ಲೀಟರ್." ಕೀ ಉತ್ತರದಲ್ಲಿ ಬರೀ 3½ ಇದೆ. ಎರಡಕ್ಕೆ ಎರಡು ಕೊಟ್ಟೆ. ಎಚ್‌ಎಂ ಇನ್ನೂ ಆ ಪೇಪರ್ ನೋಡಿಲ್ಲ.