ಸೋಮವಾರ ಕೆಲಸಕ್ಕೆ ಯಾರು ಬರ್ತಾರೆ?

ನಾನು ಕ್ಯಾಲಿಫೋರ್ನಿಯಾದ ಒಂದು ಎಲೆಕ್ಟ್ರಿಕಲ್ ಸಬ್‌ಕಾಂಟ್ರಾಕ್ಟರ್ ಕಂಪನಿಯಲ್ಲಿ ಎಸ್ಟಿಮೇಟರ್. ಡ್ರಾಯಿಂಗ್ ನೋಡಿ ಪೈಪು ಎಷ್ಟು, ವೈರು ಎಷ್ಟು, ಎಷ್ಟು ಜನ ಎಷ್ಟು ಗಂಟೆ ದುಡಿಯಬೇಕು ಅಂತ ಲೆಕ್ಕ ಹಾಕಿ ಬಿಡ್‌ಗೆ ರೇಟು ಕೊಡುವುದು ನನ್ನ ಕೆಲಸ. ನಮ್ಮದು ಯೂನಿಯನ್ ಇಲ್ಲದ ಸಣ್ಣ ಕಂಪನಿ.

ಕೆಲವು ವರ್ಷಗಳ ಹಿಂದೆ ಒಂದು ಕಮ್ಯುನಿಟಿ ಕಾಲೇಜಿನ ಕಟ್ಟಡಕ್ಕೆ ಬಿಡ್ ಹಾಕಿದೆವು. ಊರಿನವರು ಓಟು ಹಾಕಿ ಒಪ್ಪಿದ ಬಾಂಡ್ ಸಾಲದ ದುಡ್ಡಿನಲ್ಲಿ ಕಟ್ಟುತ್ತಿದ್ದ ಕಟ್ಟಡ. ಟೆಂಡರ್ ಕಾಗದಗಳ ಕೊನೆಯಲ್ಲಿ ಪ್ರಾಜೆಕ್ಟ್ ಲೇಬರ್ ಅಗ್ರಿಮೆಂಟ್, ಅಂದರೆ ಪಿಎಲ್‌ಎ, ಅಂತ ದಪ್ಪನೆಯ ಒಂದು ಕಂತೆ ಇತ್ತು. ನಾನು ಮೊದಲ ಎರಡು ಪುಟ ಓದಿ ಬಿಟ್ಟೆ.

ಬಿಟ್ಟಿದ್ದಕ್ಕೆ ನನ್ನದೇ ತರ್ಕ ಇತ್ತು. ಸರ್ಕಾರಿ ಕಟ್ಟಡ ಅಂದಮೇಲೆ ಕೂಲಿಯ ದರವನ್ನು ಸರ್ಕಾರವೇ ಗೊತ್ತು ಮಾಡಿರುತ್ತದೆ. ಕೇಂದ್ರದ ಕೆಲಸಗಳಿಗೆ 1931ರ ಡೇವಿಸ್-ಬೇಕನ್ ಕಾಯ್ದೆ, ಇಲ್ಲಿ ರಾಜ್ಯದ್ದೇ ಇನ್ನೊಂದು ಕಾನೂನು. ಯೂನಿಯನ್ ಇರಲಿ ಬಿಡಲಿ, ಎಲೆಕ್ಟ್ರಿಷಿಯನ್‌ಗೆ ಗಂಟೆಗೆ ಇಷ್ಟು ಅಂದರೆ ಇಷ್ಟೇ. ಹಾಗಿದ್ದ ಮೇಲೆ ಈ ಕಂತೆಯಿಂದ ನನ್ನ ಲೆಕ್ಕ ಏನು ಬದಲಾಗುತ್ತೆ? ಹಳೇ ಶೀಟ್‌ನಲ್ಲೇ ರೇಟು ತುಂಬಿಸಿ ಕಳಿಸಿದೆ. ಕೆಲಸ ನಮಗೇ ಸಿಕ್ಕಿತು. ಆಫೀಸಿನಲ್ಲಿ ಕೇಕ್ ಕೂಡ ಕತ್ತರಿಸಿದೆವು.

ಪಿಎಲ್‌ಎ ಅಂದರೇನು ಅಂತ ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಕೆಲಸ ಶುರುವಾಗುವ ಮೊದಲೇ ಕಟ್ಟಡದ ಮಾಲೀಕರು ಎಲ್ಲ ಕಸುಬಿನ ಯೂನಿಯನ್‌ಗಳ ಜೊತೆ ಒಂದು ಒಪ್ಪಂದ ಮಾಡಿಕೊಂಡಿರುತ್ತಾರೆ. ಯೂನಿಯನ್ ಇಲ್ಲದ ಕಂಪನಿಯೂ ಬಿಡ್ ಹಾಕಬಹುದು. ಆದರೆ ಗೆದ್ದವರು, ಅವರ ಕೈಕೆಳಗಿನ ಸಬ್‌ಕಾಂಟ್ರಾಕ್ಟರ್‌ಗಳು, ಎಲ್ಲರೂ ಆ ಕೆಲಸದ ಮಟ್ಟಿಗೆ ಸಹಿ ಹಾಕಲೇಬೇಕು. ಸ್ಟ್ರೈಕ್ ಇಲ್ಲ, ಲಾಕೌಟ್ ಇಲ್ಲ, ಜಗಳ ಬಂದರೆ ಮಧ್ಯಸ್ಥರ ಮುಂದೆ. ಅದಕ್ಕೆ ಬದಲಾಗಿ ಕೆಲಸಗಾರರು ಯೂನಿಯನ್ ಹಾಲ್ ಮೂಲಕ, ಅಂದರೆ ಪಟ್ಟಿ ನೋಡಿ ಜನರನ್ನು ಕೆಲಸಕ್ಕೆ ಕಳಿಸುವ ಯೂನಿಯನ್ ಕಚೇರಿಯ ಮೂಲಕ ಬರಬೇಕು.

ಇದು ಹೊಸದೇನಲ್ಲ. 1930ರ ದಶಕದಲ್ಲಿ ಗ್ರ್ಯಾಂಡ್ ಕೂಲಿ ಅಣೆಕಟ್ಟು ಕಟ್ಟುವಾಗಲೇ ಇಂಥ ಒಪ್ಪಂದ ಇತ್ತು. ಬೋಸ್ಟನ್ ಬಂದರನ್ನು ಶುದ್ಧ ಮಾಡುವ ಯೋಜನೆಯ ಕೇಸಿನಲ್ಲಿ 1993ರಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಒಪ್ಪಿಗೆ ಕೊಟ್ಟಿತು. ಕೇಂದ್ರ ಸರ್ಕಾರದ ಕೆಲಸಗಳಲ್ಲಿ ಮಾತ್ರ ಅಧ್ಯಕ್ಷರು ಬದಲಾದ ಹಾಗೆ ಆದೇಶವೂ ಬದಲಾಯಿತು. 2001ರಲ್ಲಿ ಬುಷ್ ಕಡ್ಡಾಯ ಮಾಡಬಾರದು ಅಂದರು. 2009ರಲ್ಲಿ ಒಬಾಮ ಪ್ರೋತ್ಸಾಹ ಕೊಟ್ಟರು. 2022ರಲ್ಲಿ ಬೈಡನ್ ಮೂರೂವರೆ ಕೋಟಿ ಡಾಲರ್ ದಾಟಿದ ಕೆಲಸಗಳಿಗೆ ಕಡ್ಡಾಯ ಮಾಡಿದರು.

ನಮ್ಮ ಕಥೆಗೆ ಬರುತ್ತೇನೆ. ಕೆಲಸಕ್ಕೆ ಮುಂಚೆ ಒಂದು ಮೀಟಿಂಗ್ ಇತ್ತು. ಉದ್ದನೆಯ ಮೇಜು, ಸುತ್ತ ಒಂದೊಂದು ಯೂನಿಯನ್‌ನಿಂದ ಒಬ್ಬೊಬ್ಬರು. ಯಾವ ಕೆಲಸ ಯಾವ ಕಸುಬಿನವರು ಮಾಡ್ತಾರೆ ಅಂತ ನಾವು ಓದಿ ಹೇಳಬೇಕು. ಕೇಬಲ್ ಹಾಕುವ ಕಾಲುವೆಯನ್ನು ನಮ್ಮ ಎಲೆಕ್ಟ್ರಿಷಿಯನ್‌ಗಳೇ ಸಣ್ಣ ಮೆಷಿನ್‌ನಲ್ಲಿ ತೋಡಿಕೊಳ್ತಾರೆ ಅಂತ ನನ್ನ ಶೀಟ್‌ನಲ್ಲಿತ್ತು. ಓದಿ ಮುಗಿಸುವಷ್ಟರಲ್ಲಿ ಎರಡು ಕೈ ಮೇಲೆದ್ದವು. ಮೆಷಿನ್ ಓಡಿಸುವುದು ಒಂದು ಯೂನಿಯನ್‌ನ ಕೆಲಸ, ಗುದ್ದಲಿ ಹಿಡಿಯುವುದು ಇನ್ನೊಂದರದ್ದು. ನಮ್ಮ ಬಾಸ್ ಏನೂ ಮಾತಾಡಲಿಲ್ಲ. ಸುಮ್ನೆ ನನ್ನ ಕಡೆ ತಿರುಗಿ ನೋಡಿದರು.

ಅದು ಚಿಲ್ಲರೆ ಪೆಟ್ಟು. ದೊಡ್ಡದು ಜನರ ವಿಷಯದ್ದು. ನಮ್ಮ ಒಪ್ಪಂದದ ಪ್ರಕಾರ ಮೊದಲು ನಮ್ಮ ಒಬ್ಬ ಹಳೇ ಕೆಲಸಗಾರ, ಆಮೇಲೆ ಹಾಲ್‌ನಿಂದ ಒಬ್ಬ, ಮತ್ತೆ ನಮ್ಮವನೊಬ್ಬ. ಹೀಗೆ ನಮ್ಮವರು ಐದು ಜನ ಆಗುವವರೆಗೆ. ಅದಾದ ಮೇಲೆ ಎಲ್ಲರೂ ಹಾಲ್‌ನಿಂದಲೇ. ನಮಗೆ ಬೇಕಾಗಿದ್ದು 12 ಜನ. ಅಂದರೆ ಏಳು ಜನ ನಾವು ಮುಖ ನೋಡದವರು. ನನ್ನ ಗಂಟೆಯ ಲೆಕ್ಕವೆಲ್ಲ ಹತ್ತು ವರ್ಷ ಒಟ್ಟಿಗೆ ದುಡಿದ ತಂಡದ ಮೇಲೆ ನಿಂತಿತ್ತು.

ಬೆಂಗಳೂರಿನಲ್ಲಿ ಎರಡು ವರ್ಷ ಸೈಟ್ ನೋಡಿಕೊಂಡಿದ್ದವನು ನಾನು. ಅಲ್ಲಿ ಭಾನುವಾರ ರಾತ್ರಿ ಮೇಸ್ತ್ರಿಗೆ ಫೋನ್ ಮಾಡಿ "ನಾಳೆ ಹತ್ತು ಜನ ಬೇಕಪ್ಪ" ಅಂದರೆ ಆಯಿತು. ಬರುವವರು ಯಾರು ಅನ್ನುವುದು ಮೇಸ್ತ್ರಿ ಕೈಲಿ. ಇಲ್ಲಿ ಅದು ಹಾಲ್‌ನ ಪಟ್ಟಿಯ ಕೈಲಿ. 48 ಗಂಟೆಯೊಳಗೆ ಹಾಲ್ ಜನ ಕೊಡದಿದ್ದರೆ ಮಾತ್ರ ನಾವು ಹೊರಗಿಂದ ತರಬಹುದು. ಒಂದು ಸಲ ಆರು ಜನ ಕೇಳಿದೆವು, ನಾಲ್ಕು ಜನ ಬಂದರು. ಎರಡು ದಿನ ಕಾದು ನಮ್ಮವರನ್ನೇ ಇಬ್ಬರನ್ನು ಹಾಲ್‌ನಲ್ಲಿ ಹೆಸರು ಬರೆಸಿ ಕರೆದುಕೊಂಡು ಬಂದೆವು.

ಮೂರನೇ ವಾರ ನಮ್ಮ ಫೋರ್‌ಮನ್ ಪೇ ಸ್ಲಿಪ್ ಹಿಡಿದು ನನ್ನ ಟೇಬಲ್ ಹತ್ತಿರ ಬಂದ. "ಕೂಲಿ ಅದೇ ಅಂದೆ, ಚೆಕ್ ಯಾಕೆ ಕಮ್ಮಿ?" ಅಂದ. ಹೆಬ್ಬೆರಳಿನ ಮಸಿ ಸ್ಲಿಪ್‌ನ ಮೇಲೇ ಮೂಡಿತ್ತು. ಸರ್ಕಾರ ಗೊತ್ತು ಮಾಡುವ ದರದಲ್ಲಿ ಎರಡು ಭಾಗ ಇರುತ್ತದೆ. ಒಂದು ಕೂಲಿ, ಇನ್ನೊಂದು ಪಿಂಚಣಿ, ಹೆಲ್ತ್ ಇನ್ಶೂರೆನ್ಸ್ ಥರದ್ದು. ಮಾಮೂಲಿ ಸರ್ಕಾರಿ ಕೆಲಸದಲ್ಲಿ ಆ ಎರಡನೇ ಭಾಗದಲ್ಲಿ ಇನ್ಶೂರೆನ್ಸ್ ಕಳೆದು ಉಳಿದದ್ದನ್ನು ನಾವು ಚೆಕ್‌ನಲ್ಲೇ ಕೊಡುತ್ತಿದ್ದೆವು. ಪಿಎಲ್‌ಎ ಕೆಲಸದಲ್ಲಿ ಅದು ಪೂರ್ತಿ ಯೂನಿಯನ್‌ನ ಟ್ರಸ್ಟ್‌ಗೆ, ಅಂದರೆ ಪಿಂಚಣಿ, ಇನ್ಶೂರೆನ್ಸ್ ನೋಡಿಕೊಳ್ಳುವ ನಿಧಿಗೆ ಹೋಗುತ್ತದೆ. ಆದರೆ ಇಂತಿಷ್ಟು ಗಂಟೆ ದುಡಿಯದೆ ಅಲ್ಲಿನ ಇನ್ಶೂರೆನ್ಸ್ ಶುರುವಾಗಲ್ಲ, ಇಂತಿಷ್ಟು ವರ್ಷ ಆಗದೆ ಪಿಂಚಣಿಯ ಹಕ್ಕು ಸಿಗಲ್ಲ. ಅವನ ಹೆಂಡತಿ ಮಕ್ಕಳ ಇನ್ಶೂರೆನ್ಸ್ ನಿಲ್ಲಿಸೋಕಾಗುತ್ತಾ? ಕಂಪನಿ ಅದನ್ನೂ ಕಟ್ಟಿತು, ಟ್ರಸ್ಟ್‌ಗೂ ಕಟ್ಟಿತು. ಒಬ್ಬನಿಗೆ ಎರಡು ಸಲ. ನನ್ನ ಶೀಟ್‌ನಲ್ಲಿ ಆ ಸಾಲೇ ಇರಲಿಲ್ಲ.

ನಮ್ಮೂರಿನ ಕಟ್ಟಡ ಕಾರ್ಮಿಕರ ಸೆಸ್ ನೆನಪಾಯಿತು. ಆಗ 1996ರ ಕಾಯ್ದೆ ಪ್ರಕಾರ ಕಟ್ಟಡದ ಖರ್ಚಿನಲ್ಲಿ ನೂರಕ್ಕೆ ಒಂದು ರೂಪಾಯಿ ಕಾರ್ಮಿಕರ ಹೆಸರಲ್ಲಿ ಕಲ್ಯಾಣ ಮಂಡಳಿಗೆ ಹೋಗುತ್ತಿತ್ತು. ವರ್ಷಕ್ಕೆ 90 ದಿನ ದುಡಿದಿದ್ದೇನೆ ಅಂತ ತೋರಿಸಿ ಕಾರ್ಡ್ ಮಾಡಿಸಿದವನಿಗೆ ಮಾತ್ರ ಸೌಲಭ್ಯ. ದುಡ್ಡು ಕೆಲಸಗಾರನದ್ದೇ, ಆದರೆ ಅವನ ಕೈಗೆ ಬರಬೇಕಾದರೆ ಅವನು ಪಟ್ಟಿಯಲ್ಲಿ ಉಳಿದಿರಬೇಕು.

ಹಾಲ್‌ನಿಂದ ಬಂದವರ ಮೇಲೆ ಮಾತ್ರ ನಾನು ಒಂದು ಮಾತೂ ಆಡಲಾರೆ. ಅವರಲ್ಲಿ ಐವತ್ತು ದಾಟಿದ ಒಬ್ಬ ಹೆಂಗಸು ಇದ್ದರು. ಮೊದಲ ದಿನವೇ ಎಲೆಕ್ಟ್ರಿಕಲ್ ರೂಮಿನಲ್ಲಿ ನಿಂತು ಡ್ರಾಯಿಂಗ್ ನೋಡಿ, ಪ್ಯಾನೆಲ್ ನೆತ್ತಿಯ ಮೇಲೇ ನೀರಿನ ಪೈಪು ಬರುತ್ತಲ್ಲ, ಇದು ಇನ್‌ಸ್ಪೆಕ್ಷನ್‌ನಲ್ಲಿ ಪಾಸಾಗುತ್ತಾ ಅಂತ ಕೇಳಿದರು. ಅದನ್ನು ನಾನೂ ನೋಡಿರಲಿಲ್ಲ, ಡ್ರಾಯಿಂಗ್ ಮಾಡಿದವರೂ ನೋಡಿರಲಿಲ್ಲ. ಕಾಲುವೆ ಜಗಳ ನಡುವೆ ಮತ್ತೊಮ್ಮೆ ಎದ್ದಿತು. ಎರಡು ಯೂನಿಯನ್‌ನವರೂ ಕಾಗದ ಬರೆದುಕೊಂಡು ಮಧ್ಯಸ್ಥರ ಹತ್ತಿರ ಹೋದರು. ಕೆಲಸ ಒಂದು ಗಂಟೆಯೂ ನಿಲ್ಲಲಿಲ್ಲ.

ಆ ಕೆಲಸದಲ್ಲಿ ನಮಗೆ ಲಾಭ ಬರಲಿಲ್ಲ. ಈಗ ಪಿಎಲ್‌ಎ ಇರುವ ಟೆಂಡರ್ ಬಂದರೆ ಪೈಪಿನ ಅಳತೆಗೆ ಮುಂಚೆ ಆ ಕಂತೆ ಓದುತ್ತೇನೆ. ನಮ್ಮವರು ಎಷ್ಟು ಜನ, ಟ್ರಸ್ಟ್‌ಗೆ ಎಷ್ಟು, ಎರಡು ಸಲ ಕಟ್ಟುವುದು ಎಷ್ಟು ತಿಂಗಳು. ಈ ಮೂರು ಸಾಲು ಶೀಟ್‌ನ ತಲೆಯಲ್ಲೇ ಇವೆ. ಎರಡು ಟೆಂಡರ್ ಹೀಗೆ ಓದಿಯೇ ಕೈಬಿಟ್ಟೆವು.

ಕಾಲೇಜಿನ ಕೆಲಸ ಮುಗಿದ ಮೇಲೆ ನಮ್ಮ ಐದು ಜನರಲ್ಲಿ ಇಬ್ಬರು ಯೂನಿಯನ್ ಸೇರಿದರು. ಬಾಸ್‌ಗೆ ಇವತ್ತಿಗೂ ಅದರ ಸಿಟ್ಟಿದೆ. ಫೋರ್‌ಮನ್ ನಮ್ಮಲ್ಲೇ ಉಳಿದ. ನಾನು ಹೊಸ ಬಿಡ್ ಹಿಡಿದು ಕೂತಾಗಲೆಲ್ಲ ಕಾಫಿ ಲೋಟ ಹಿಡಿದು ಬಂದು, "ಈ ಸಲ ಪೂರ್ತಿ ಓದಿದ್ಯಾ?" ಅಂತ ಕೇಳಿಯೇ ಹೋಗುತ್ತಾನೆ.