ಹಸಿರೇ ಬೇಕಾಗಲಿಲ್ಲ

ಇವತ್ತು ಹುಲ್ಲುಗಾವಲು ಬಿಡಿಸೋಕೆ ಕೂತೆ. ಹಸಿರು ಟ್ಯೂಬಿನ ಮುಚ್ಚಳ ತೆಗೆಯೋ ಪ್ರಸಂಗವೇ ಬರಲಿಲ್ಲ. ಕಾವಿ, ಒಣ ಹಳದಿ, ಒಂಚೂರು ನೇರಳೆ, ಸಾಕಾಯ್ತು.

ಹಾಳೆ ಪಕ್ಕ ಒಂದು ಬೀಜ ಇತ್ತು. ಬಟ್ಟೆಗೆ ಚುಚ್ಚಿಕೊಳ್ಳುತ್ತಲ್ಲ, ಆ ಈಟಿ ಹುಲ್ಲಿಂದು. ಬಾಲ ಹಗ್ಗದ ಹಾಗೆ ಹೊಸೆದುಕೊಂಡಿತ್ತು. ಕುಂಚದಿಂದ ಒಂದು ಹನಿ ನೀರು ಬಿಟ್ಟೆ ನೋಡಿ, ಮೆಲ್ಲಗೆ ತಿರುಗೋಕೆ ಶುರು! ಒದ್ದೆಯಾದ್ರೆ ಬಿಚ್ಚುತ್ತೆ, ಒಣಗಿದ್ರೆ ಮತ್ತೆ ಸುತ್ತಿಕೊಳ್ಳುತ್ತೆ. ಹೀಗೆ ತಿರುಗಿ ತಿರುಗಿಯೇ ಬೀಜ ತಾನಾಗಿ ಮಣ್ಣಿಗೆ ಇಳಿಯೋದು.

ಎಷ್ಟೋ ಹುಲ್ಲುಗಾವಲುಗಳ ಬಹುಪಾಲು ಜೀವ ಇರೋದು ನೆಲದ ಕೆಳಗೆ. ಕೆಲವು ಹುಲ್ಲಿನ ಬೇರು 2 ಮೀಟರ್‌ಗೂ ಆಳ. ನಾವು ಬಿಡಿಸೋದು ಮಾತ್ರ ಮೇಲಿನದನ್ನೇ. (ಹುಲ್ಲುಗಾವಲು ಬರಡು ಅಂತ ಅಲ್ಲಿ ಸಸಿ ನೆಡೋಕೆ ಓಡೋರು ನೋಡೋದೂ ಅಷ್ಟೇ.)

ನಾಳೆ ಹಾಳೆ ಉದ್ದಕ್ಕೆ ಇಡ್ತೀನಿ. ಮೇಲೆ ನಾಲ್ಕು ಬೆರಳು ಹುಲ್ಲು, ಉಳಿದದ್ದೆಲ್ಲ ಬೇರು.