ಡನ್‌ಮರಿಯಲ್ಲಿ ಹುಟ್ಟಿದ ಉಕ್ಕಿನ ಕಾರು

ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್‌ನಿಂದ ಬ್ಯಾಂಗೋರ್‌ಗೆ ಹೋಗುವ ರೈಲಿನಲ್ಲಿ ಕಲ್ಟ್ರಾದಲ್ಲಿ ಇಳಿದರೆ ಅಲ್ಸ್ಟರ್ ಸಾರಿಗೆ ವಸ್ತುಸಂಗ್ರಹಾಲಯ ಹತ್ತಿರದಲ್ಲೇ ಇದೆ. ಉಗಿಬಂಡಿಗಳನ್ನೂ ಟ್ರಾಮ್‌ಗಳನ್ನೂ ಬೇಗಬೇಗ ದಾಟಿ ನಾನು ನಿಂತದ್ದು ಡಿಲೋರಿಯನ್ ಕಾರಿನ ಮುಂದೆ. ಬಣ್ಣವನ್ನೇ ಕಾಣದ ಅದರ ಸ್ಟೇನ್‌ಲೆಸ್ ಸ್ಟೀಲ್ ಮೈಯ ಮೇಲೆ ಬ್ರಷ್ ಎಳೆದ ಕೂದಲೆಳೆಯಂಥ ಗೆರೆಗಳು ಒಂದೇ ದಿಕ್ಕಿಗೆ ಸಾಗಿವೆ. ಬೆರಳು ತಾಗಿದರೆ ಗುರುತು ಉಳಿಯುವ ಲೋಹವಿದು. ರೆಕ್ಕೆಯಂತೆ ಮೇಲೇಳುವ ಬಾಗಿಲುಗಳಿಗೆ ಪಕ್ಕದಲ್ಲಿ ಸುಮಾರು 11 ಇಂಚು ಜಾಗವಿದ್ದರೆ ಸಾಕಂತೆ. ಇಟಲಿಯ ವಿನ್ಯಾಸಕಾರ ಜುಜಾರೊ ಕೊಟ್ಟ ರೂಪ ಇಂದಿಗೂ ಹಳತೆನಿಸುವುದಿಲ್ಲ. ಆದರೆ ಹಿಂಬದಿಯಲ್ಲಿ ಕೂತ 2.85 ಲೀಟರ್‌ನ ವಿ6 ಎಂಜಿನ್ ಅಮೆರಿಕದ ಮಾದರಿಯಲ್ಲಿ 130 ಅಶ್ವಶಕ್ತಿಯನ್ನಷ್ಟೇ ಕೊಡುತ್ತಿದ್ದುದರಿಂದ, ನೋಟಕ್ಕೆ ತಕ್ಕ ಓಟ ಅದಕ್ಕಿರಲಿಲ್ಲ.

ಕಾರಿಗಿಂತ ಅದು ಹುಟ್ಟಿದ ಊರೇ ನನ್ನನ್ನು ಹೆಚ್ಚು ಸೆಳೆದಿತ್ತು. ಮಧ್ಯಾಹ್ನ ಲಿಸ್ಬರ್ನ್ ಕಡೆಯ ರೈಲು ಹಿಡಿದು ಡನ್‌ಮರಿಗೆ ಹೋದೆ. ಜನರಲ್ ಮೋಟರ್ಸ್‌ನ ದೊಡ್ಡ ಹುದ್ದೆ ಬಿಟ್ಟು ಬಂದಿದ್ದ ಜಾನ್ ಡಿಲೋರಿಯನ್‌ಗೆ ಬ್ರಿಟಿಷ್ ಸರ್ಕಾರ 1978ರಲ್ಲಿ ಇಲ್ಲಿ ಕಾರ್ಖಾನೆ ಕಟ್ಟಲು ಹಣ ಒದಗಿಸಿದ್ದು ಕಾರಿನ ಮೋಹದಿಂದಲ್ಲ. ಕ್ಯಾಥೊಲಿಕರು ಮತ್ತು ಪ್ರಾಟೆಸ್ಟೆಂಟರ ನಡುವಿನ ಗಲಭೆ, ನಿರುದ್ಯೋಗ ಎರಡರಿಂದಲೂ ನಲುಗಿದ್ದ ಬೆಲ್‌ಫಾಸ್ಟ್‌ಗೆ ಕೆಲಸ ತರುವ ಆಸೆಯಿಂದ. ಕಾರ್ಖಾನೆಯ ಒಂದು ಮಗ್ಗುಲಿಗೆ ಕ್ಯಾಥೊಲಿಕರ ಟ್ವಿನ್‌ಬ್ರೂಕ್, ಇನ್ನೊಂದು ಮಗ್ಗುಲಿಗೆ ಪ್ರಾಟೆಸ್ಟೆಂಟರ ಬಡಾವಣೆಗಳು. ಎರಡು ಕಡೆಗೂ ಬೇರೆಬೇರೆ ಗೇಟುಗಳಿದ್ದವೆಂಬುದನ್ನು ಎಲ್ಲರೂ ರಂಜಿಸಿ ಹೇಳುತ್ತಾರೆ. ಒಳಗೆ ಹೋದ ಮೇಲೆ ಇಬ್ಬರೂ ಒಂದೇ ಸಾಲಿನಲ್ಲಿ ನಿಂತು ಕಾರು ಜೋಡಿಸುತ್ತಿದ್ದರೆಂಬುದೇ ನನಗೆ ಹೆಚ್ಚು ಮುಖ್ಯವಾಗಿ ಕಂಡಿತು.

ಅವರಲ್ಲಿ ಹೆಚ್ಚಿನವರು ಅದುವರೆಗೆ ಕಾರು ಕಟ್ಟಿದವರೇ ಅಲ್ಲ. ಬಯಲಾಗಿದ್ದ ಜಾಗದಲ್ಲಿ ಕಾರ್ಖಾನೆ ಎದ್ದು, ಲೋಟಸ್ ಕಾರು ಕಂಪನಿಯವರು ಚಾಸಿಯನ್ನು, ಅಂದರೆ ಕಾರಿನ ಅಡಿಯ ಚೌಕಟ್ಟನ್ನು, ಹೊಸದಾಗಿ ರೂಪಿಸಿಕೊಟ್ಟು, 1981ರ ಜನವರಿಯಲ್ಲಿ ಉತ್ಪಾದನೆ ಶುರುವಾಯಿತು. ಮೊದಮೊದಲ ಕಾರುಗಳ ಬಾಗಿಲು ಸರಿಯಾಗಿ ಕೂರುತ್ತಿರಲಿಲ್ಲವಾದ್ದರಿಂದ ಅಮೆರಿಕಕ್ಕೆ ಹಡಗಿನಲ್ಲಿ ತಲುಪಿದ ಮೇಲೂ ಅವನ್ನು ರಿಪೇರಿ ಮಾಡಬೇಕಾಗುತ್ತಿತ್ತು. ಕೈ ಪಳಗಿದಂತೆ ಕೆಲಸ ಸುಧಾರಿಸಿತು. ಅಷ್ಟರಲ್ಲಿ ಮಾರುಕಟ್ಟೆ ಕುಸಿದಿತ್ತು. 25,000 ಡಾಲರ್ ಬೆಲೆಯ ಕಾರುಗಳು ಮಾರಾಟವಾಗದೆ ಉಳಿದವು, ಥ್ಯಾಚರ್ ಸರ್ಕಾರ ಇನ್ನಷ್ಟು ಹಣ ಕೊಡಲು ಒಪ್ಪಲಿಲ್ಲ, 1982ರ ಫೆಬ್ರವರಿಯಲ್ಲಿ ಕಂಪನಿಯ ಆಡಳಿತ ರಿಸೀವರ್‌ಗಳ, ಅಂದರೆ ಸಾಲದಲ್ಲಿ ಮುಳುಗಿದ ಕಂಪನಿಯನ್ನು ನೋಡಿಕೊಳ್ಳಲು ನೇಮಕವಾಗುವವರ, ಕೈಗೆ ಹೋಯಿತು. ಆ ವರ್ಷದ ಅಕ್ಟೋಬರ್‌ನಲ್ಲಿ ಮಾದಕವಸ್ತು ಪ್ರಕರಣದಲ್ಲಿ ಬಂಧಿತನಾದ ಡಿಲೋರಿಯನ್ 1984ರಲ್ಲಿ ನಿರ್ದೋಷಿಯೆಂದು ಬಿಡುಗಡೆಯಾದ. ಒಟ್ಟು ತಯಾರಾದದ್ದು ಸುಮಾರು 9,000 ಕಾರುಗಳು. ಕೆಲಸ ಕಳೆದುಕೊಂಡವರು ಸುಮಾರು 2,500 ಮಂದಿ. ಮುಂದೆ ಹಾಲಿವುಡ್ ‘ಬ್ಯಾಕ್ ಟು ದ ಫ್ಯೂಚರ್’ ಚಿತ್ರದ ಮೂಲಕ ಈ ಕಾರಿಗೆ ತಂದುಕೊಟ್ಟ ಖ್ಯಾತಿಯಿಂದ ಅವರ ಸಂಬಳವೇನೂ ಮರಳಿ ಬರಲಿಲ್ಲ.

ಕಾರ್ಖಾನೆಯ ಕಟ್ಟಡಗಳು ಪಾಳುಬಿದ್ದಿಲ್ಲ. ಮುಂದೆ ಅಲ್ಲಿಗೆ ಬಂದ ಫ್ರಾನ್ಸ್‌ನ ಮೊಂಟುಪೆ ಕಂಪನಿ ಕಾರುಗಳಿಗೆ ಬೇಕಾದ ಅಲ್ಯೂಮಿನಿಯಂ ಸಿಲಿಂಡರ್ ಹೆಡ್‌ಗಳನ್ನು ಎರಕ ಹೊಯ್ಯತೊಡಗಿತು. ಉಕ್ಕಿನ ಮೈಯನ್ನು ಒತ್ತಿದ ಅಚ್ಚುಗಳಲ್ಲಿ ಕೆಲವು ಗುಜರಿಗೆ ಮಾರಾಟವಾಗಿ, ಐರ್ಲೆಂಡಿನ ಪಶ್ಚಿಮ ಕರಾವಳಿಯಲ್ಲಿ ಮೀನು ಸಾಕುವ ಬಲೆಗಳಿಗೆ ಲಂಗರಾದವು.